ಕಾಯಂ ನೆಲೆಗಾಗಿ ಕಾದಿರುವ ವೆನೆಜುವೆಲಾದವರು

ಅಮೆರಿಕದಲ್ಲಿ ದುಡಿಯುವ ಅನೇಕ ವಲಸಿಗರ ಜೇಬಿನಲ್ಲಿ ಕೆಲಸದ ಪರವಾನಗಿಯ ಒಂದು ಪ್ಲಾಸ್ಟಿಕ್ ಕಾರ್ಡ್ ಇರುತ್ತದೆ. ಅದರಲ್ಲಿ ಫೋಟೊ, ಹೆಸರು, ಹುಟ್ಟಿದ ದೇಶ, ಜೊತೆಗೆ ಅವಧಿ ಮುಗಿಯುವ ದಿನಾಂಕ. 2025ರ ಮೇ ತಿಂಗಳಲ್ಲಿ ಆ ದಿನಾಂಕ ವೆನೆಜುವೆಲಾದ ಜನರನ್ನು ಎರಡು ಪಾಲು ಮಾಡಿತು. 2026ರ ಅಕ್ಟೋಬರ್ 2 ಎಂದು ಅಚ್ಚಾದ ಕಾರ್ಡನ್ನು 2025ರ ಫೆಬ್ರುವರಿ 5ರೊಳಗೆ ಪಡೆದಿದ್ದ ಸುಮಾರು ಐದು ಸಾವಿರ ಮಂದಿಗೆ ನ್ಯಾಯಾಲಯದ ರಕ್ಷಣೆ ಸಿಕ್ಕಿತು. ಅವರಂತೆಯೇ ಬಂದು, ಅವರಂತೆಯೇ ಅರ್ಜಿ ಹಾಕಿದ್ದ ಲಕ್ಷಾಂತರ ಜನರಿಗೆ ಸಿಗಲಿಲ್ಲ. ಕಚೇರಿಯಲ್ಲಿ ಕಡತ ಕೆಲವು ದಿನ ತಡವಾಗಿದ್ದರೆ ಸಾಕಿತ್ತು, ಕೆಲಸ ಮಾಡುವ ಹಕ್ಕೇ ಕೈತಪ್ಪುತ್ತಿತ್ತು.

ಈ ಅತಂತ್ರ ಸ್ಥಿತಿಯನ್ನು ಕೊನೆಗಾಣಿಸುವ ಪ್ರಯತ್ನವೇ 'ವೆನೆಜುವೆಲನ್ ಅಡ್ಜಸ್ಟ್‌ಮೆಂಟ್ ಆಕ್ಟ್' ಎಂಬ ಮಸೂದೆ. ನಿಗದಿತ ದಿನಕ್ಕೆ ಮುಂಚೆ ಅಮೆರಿಕ ಸೇರಿ, ಅಲ್ಲೇ ನೆಲೆಸಿರುವ, ಗಂಭೀರ ಅಪರಾಧದ ಹಿನ್ನೆಲೆಯಿಲ್ಲದ ವೆನೆಜುವೆಲಾದ ಪ್ರಜೆಗಳು ನೇರವಾಗಿ ಗ್ರೀನ್ ಕಾರ್ಡ್‌ಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಅರ್ಜಿ ಹಾಕಲು ಅವಕಾಶ ಕೊಡಬೇಕು ಎಂಬುದು ಅದರ ತಿರುಳು. ಕೊಟ್ಟ ರಕ್ಷಣೆಯನ್ನು ಸರ್ಕಾರ ಬದಲಾದೊಡನೆ ಕಿತ್ತುಕೊಳ್ಳಲು ಆಗದಂತೆ, ಅದನ್ನು ಕಾನೂನಿನಲ್ಲೇ ಬರೆಯುವುದು ಇದರ ಉದ್ದೇಶ.

ಇಷ್ಟೊಂದು ಜನ ಊರು ಬಿಟ್ಟದ್ದು ಯಾಕೆ? ವೆನೆಜುವೆಲಾದ ನೆಲದಡಿಯಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ತೈಲ ನಿಕ್ಷೇಪವಿದೆ. ರಫ್ತಿನ ಆದಾಯವೆಲ್ಲ ಬಹುಮಟ್ಟಿಗೆ ತೈಲದಿಂದಲೇ ಬರುತ್ತಿತ್ತು. 2014ರಲ್ಲಿ ತೈಲ ಬೆಲೆ ಕುಸಿದಾಗ, ದುರಾಡಳಿತದಿಂದ ಮೊದಲೇ ಸೊರಗಿದ್ದ ಆರ್ಥಿಕತೆ ಮುಗ್ಗರಿಸಿತು. 2018ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಸಾವಿರ ಪಟ್ಟಿಗೂ ಹೆಚ್ಚು ಏರಿದವು. ತಿಂಗಳ ಸಂಬಳಕ್ಕೆ ಮೊಟ್ಟೆ, ಹಾಲು ಸಿಗುವುದೂ ಕಷ್ಟವಾಯಿತು. ಆಸ್ಪತ್ರೆಗಳಲ್ಲಿ ಔಷಧ ಇರಲಿಲ್ಲ, ಬೀದಿಗಿಳಿದು ಪ್ರತಿಭಟಿಸಿದವರಿಗೆ ಜೈಲು ಕಾದಿತ್ತು. ನಂತರ ಅಮೆರಿಕ ಹೇರಿದ ನಿರ್ಬಂಧಗಳು ತೈಲ ವ್ಯಾಪಾರವನ್ನು ಮತ್ತಷ್ಟು ಬಿಗಿದವು. ಮೂರು ಕೋಟಿ ಜನಸಂಖ್ಯೆಯ ದೇಶದಿಂದ ಹೀಗೆ ಹೊರಟವರು ಸುಮಾರು 79 ಲಕ್ಷ.

ಅವರಲ್ಲಿ ಹೆಚ್ಚಿನವರು ಅಮೆರಿಕಕ್ಕೆ ಹೋಗಲೇ ಇಲ್ಲ. ಪಕ್ಕದ ಕೊಲಂಬಿಯಾ ಒಂದರಲ್ಲೇ ಸುಮಾರು 28 ಲಕ್ಷ ಮಂದಿ ಇದ್ದಾರೆ. ಆ ದೇಶ 2021ರಲ್ಲಿ ಅವರಿಗೆ ಹತ್ತು ವರ್ಷದ ರಕ್ಷಣಾ ಪರವಾನಗಿ ಘೋಷಿಸಿ, ಅದರಿಂದ ಕಾಯಂ ವಾಸದತ್ತ ಸಾಗುವ ದಾರಿಯನ್ನೂ ತೆರೆಯಿತು. ಅಮೆರಿಕಕ್ಕಿಂತ ಎಷ್ಟೋ ಬಡವಾದ ದೇಶವೊಂದು ಅಷ್ಟು ಉದ್ದದ ಭರವಸೆ ಕೊಟ್ಟದ್ದು ಸಣ್ಣ ಮಾತಲ್ಲ.

ಅಮೆರಿಕ ಕೊಟ್ಟದ್ದು ಟಿಪಿಎಸ್, ಅಂದರೆ ತಾತ್ಕಾಲಿಕ ರಕ್ಷಣೆ. 1990ರ ಕಾನೂನಿನಲ್ಲಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಯುದ್ಧ, ಭೂಕಂಪ, ಅರಾಜಕತೆಗೆ ಸಿಕ್ಕ ದೇಶದವರನ್ನು ಒಮ್ಮೆಗೆ 6ರಿಂದ 18 ತಿಂಗಳವರೆಗೆ ವಾಪಸು ಕಳಿಸುವುದಿಲ್ಲ, ದುಡಿಯಲು ಪರವಾನಗಿ ಕೊಡುತ್ತಾರೆ. ಬೈಡನ್ ಸರ್ಕಾರ 2021ರ ಮಾರ್ಚ್‌ನಲ್ಲಿ, ಮತ್ತೆ 2023ರ ಅಕ್ಟೋಬರ್‌ನಲ್ಲಿ ವೆನೆಜುವೆಲಾದವರಿಗೆ ಇದನ್ನು ಅನ್ವಯಿಸಿತು. ಎರಡೂ ಗುಂಪು ಸೇರಿದರೆ ಸುಮಾರು ಆರು ಲಕ್ಷ ಜನ.

2025ರ ಆರಂಭದಲ್ಲಿ ಟ್ರಂಪ್ ಸರ್ಕಾರ ಈ ರಕ್ಷಣೆಯನ್ನು ಹಿಂಪಡೆಯಲು ಮುಂದಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶ ಎಡ್ವರ್ಡ್ ಚೆನ್ ಮಾರ್ಚ್‌ನಲ್ಲಿ ಅದನ್ನು ತಡೆದರು. ಮೇ 19ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ಅಮಾನತಿನಲ್ಲಿಟ್ಟಿತು. ಸೆಪ್ಟೆಂಬರ್‌ನಲ್ಲಿ ಚೆನ್ ಮತ್ತೆ ವಲಸಿಗರ ಪರ ತೀರ್ಪಿತ್ತರು, ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಮತ್ತೆ ಸರ್ಕಾರದ ಪರ ನಿಂತಿತು. ನವೆಂಬರ್ ಹೊತ್ತಿಗೆ 2021ರ ಗುಂಪಿನ ರಕ್ಷಣೆಯೂ ಮುಗಿಯಿತು.

ಪ್ರತಿ ಆದೇಶಕ್ಕೂ ಉದ್ಯೋಗದಾತರು ಕಡತ ತೆಗೆದು ನೋಡಬೇಕಾಯಿತು. ಮೇ ಆದೇಶದ ಬೆನ್ನಲ್ಲೇ ಫ್ಲಾರಿಡಾದಲ್ಲಿ ಡಿಸ್ನಿ ಸಂಸ್ಥೆ ತನ್ನ 45 ವೆನೆಜುವೆಲಾ ನೌಕರರನ್ನು ರಜೆಯ ಮೇಲೆ ಕಳಿಸಿತು. ಮಯಾಮಿ ವಿಮಾನ ನಿಲ್ದಾಣದ ಪಕ್ಕದ ಡೋರಲ್ ಪಟ್ಟಣದಲ್ಲಿ ಈ ಸಂಕಟ ಮನೆಮನೆಯದು. ಜೋಳದ ಹಿಟ್ಟಿನ 'ಅರೇಪಾ' ಬೇಯಿಸುವ ಹೋಟೆಲುಗಳು, ಸ್ಪ್ಯಾನಿಷ್ ಫಲಕಗಳು ತುಂಬಿರುವ ಆ ಊರನ್ನು ಜನ 'ಡೋರಲ್‌ಜುವೆಲಾ' ಎಂದೇ ಕರೆಯುತ್ತಾರೆ.

ಟಿಪಿಎಸ್‌ನ ದೊಡ್ಡ ಕೊರತೆಯೆಂದರೆ ಅದು ಎಷ್ಟು ವರ್ಷ ನವೀಕರಣವಾದರೂ ಗ್ರೀನ್ ಕಾರ್ಡ್ ಆಗುವುದಿಲ್ಲ. 1990ರ ದಶಕದಿಂದ ನ್ಯೂಜೆರ್ಸಿಯಲ್ಲಿ ಬಾಳಿದ್ದ ಎಲ್ ಸಾಲ್ವಡಾರ್ ಮೂಲದ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು 2021ರಲ್ಲಿ ಒಮ್ಮತದಿಂದ ಸ್ಪಷ್ಟಪಡಿಸಿತು. ಅಕ್ರಮವಾಗಿ ಗಡಿ ದಾಟಿ ಬಂದವರಿಗೆ ಟಿಪಿಎಸ್ ಸಿಕ್ಕ ಮಾತ್ರಕ್ಕೆ ಕಾಯಂ ವಾಸದ ಅರ್ಹತೆ ಬರುವುದಿಲ್ಲ, ಬೇರೆ ದಾರಿ ಬೇಕಿದ್ದರೆ ಸಂಸತ್ತೇ ಮಾಡಿಕೊಡಬೇಕು.

ಸಂಸತ್ತು ಹಿಂದೆ ಹಾಗೆ ಮಾಡಿಕೊಟ್ಟಿದೆ. ಕ್ಯಾಸ್ಟ್ರೊ ಆಡಳಿತದಿಂದ ಓಡಿಬಂದವರಿಗಾಗಿ 1966ರಲ್ಲಿ ಕ್ಯೂಬನ್ ಅಡ್ಜಸ್ಟ್‌ಮೆಂಟ್ ಆಕ್ಟ್ ಬಂತು, ಇಂದಿಗೂ ಅದು ಜಾರಿಯಲ್ಲಿದೆ. 1997ರಲ್ಲಿ ನಿಕರಾಗುವಾದವರಿಗೆ, ಮರುವರ್ಷ ಹೈಟಿಯವರಿಗೆ ಇಂಥದೇ ಕಾನೂನುಗಳಾದವು. ಅಂತರ್ಯುದ್ಧದಿಂದ ಪಾರಾಗಿ ಬಂದ ಲೈಬೀರಿಯಾದವರಂತೂ 1991ರಿಂದ ತಾತ್ಕಾಲಿಕ ರಕ್ಷಣೆಗಳ ಮೇಲೇ ದಿನ ದೂಡಿ, ಕಾಯಂ ವಾಸದ ಹಕ್ಕಿಗೆ 2019ರ ಡಿಸೆಂಬರ್‌ವರೆಗೆ ಕಾದರು. ಅದಕ್ಕೆ ಸಹಿ ಹಾಕಿದವರು ಡೊನಾಲ್ಡ್ ಟ್ರಂಪ್.

ವಿರೋಧಿಗಳ ವಾದಕ್ಕೂ ತೂಕವಿದೆ. ತಾತ್ಕಾಲಿಕ ಎಂದು ಹೇಳಿ ಕೊಟ್ಟದ್ದು ಕಾಯಂ ಆದರೆ ಮುಂದೆ ಯಾವುದೇ ಸರ್ಕಾರ ಅಂಥ ಆಶ್ರಯ ಕೊಡಲು ಹಿಂಜರಿಯುತ್ತದೆ, ಗಡಿಯತ್ತ ಇನ್ನಷ್ಟು ಜನ ನುಗ್ಗುತ್ತಾರೆ ಎನ್ನುತ್ತಾರೆ ಅವರು. ಸಾಲಿನಲ್ಲಿ ನಿಂತವರ ಗತಿ ಏನು ಎಂಬ ಪ್ರಶ್ನೆ ಕನ್ನಡಿಗರಿಗೂ ತಟ್ಟುವಂಥದು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ, ಬೆಂಗಳೂರಿನಿಂದ ಎಚ್-1ಬಿ ವೀಸಾದ ಮೇಲೆ ಹೋದ ಎಂಜಿನಿಯರ್‌ಗಳು ದಶಕಗಟ್ಟಲೆ ಕಾಯುತ್ತಿದ್ದಾರೆ. ಆದರೆ ಅವರ ಕಾಯುವಿಕೆಗೆ ಕಾರಣ ಆ ಮಿತಿಯೇ ಹೊರತು ವೆನೆಜುವೆಲಾದ ಕುಟುಂಬಗಳಲ್ಲ. ಕೆಲಸ ಕಳೆದುಕೊಂಡರೆ 60 ದಿನದಲ್ಲಿ ದಾರಿ ಹುಡುಕಬೇಕಾದ ಎಚ್-1ಬಿ ಕುಟುಂಬಕ್ಕೆ, ಗಡುವಿನ ಮೇಲೆ ಬದುಕುವ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಮಸೂದೆಯ ಮುಂದಿರುವ ಅಡ್ಡಿ ಮಾತ್ರ ದೊಡ್ಡದು. ಟಿಪಿಎಸ್ ಪಡೆದವರಿಗೆ ಕಾಯಂ ವಾಸ ಕೊಡುವ ಮಸೂದೆಯನ್ನು ಸೆನೆಟ್ ಕೈಗೆತ್ತಿಕೊಳ್ಳಬೇಕಾದರೆ ಐದರಲ್ಲಿ ಮೂರು ಪಾಲು, ಅಂದರೆ 60 ಮತ ಬೇಕು ಎಂದು 1990ರ ಕಾನೂನೇ ಷರತ್ತು ಹಾಕಿದೆ. ಸಂಸತ್ತಿನ ಎರಡು ವರ್ಷದ ಅವಧಿ ಮುಗಿದಾಗ ಅಂಗೀಕಾರವಾಗದ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ, ಮತ್ತೆ ಮೊದಲಿನಿಂದ ಮಂಡಿಸಬೇಕು. 2022ರಲ್ಲಿ ಮಂಡನೆಯಾದ ಆಫ್ಘನ್ ಅಡ್ಜಸ್ಟ್‌ಮೆಂಟ್ ಆಕ್ಟ್‌ಗೆ ಎರಡೂ ಪಕ್ಷಗಳ ಬೆಂಬಲವಿತ್ತು. ಅಮೆರಿಕದ ಸೈನ್ಯದ ಜೊತೆ ದುಡಿದವರ ಹೆಸರಿನಲ್ಲಿ ಬಂದರೂ ಅದು ಆಗ ಪಾಸಾಗಲಿಲ್ಲ. ಲೈಬೀರಿಯಾದವರ ಕಾನೂನು ಕೊನೆಗೆ ದಾರಿ ಕಂಡುಕೊಂಡದ್ದು ರಕ್ಷಣಾ ವೆಚ್ಚದ ಬೃಹತ್ ಮಸೂದೆಯೊಳಗೆ ಸೇರಿಕೊಂಡು. ವೆನೆಜುವೆಲಾದವರಿಗೂ ಸದ್ಯಕ್ಕೆ ಹೆಚ್ಚು ಕಾರ್ಯಸಾಧ್ಯವಾಗಿ ಕಾಣುವುದು ಅದೇ ದಾರಿ. ಸಂಸತ್ತು ಬಿಡಲಾಗದಂಥ ಯಾವುದಾದರೂ ದೊಡ್ಡ ಮಸೂದೆಯಲ್ಲಿ ಕೆಲವು ಪುಟಗಳ ಜಾಗ ಗಿಟ್ಟಿಸಲು ಎರಡೂ ಪಕ್ಷಗಳಲ್ಲಿ ಸಾಕಷ್ಟು ಸೆನೆಟರ್‌ಗಳು ಬೇಕು.