ಗೆರಟೆ ಕಸವಲ್ಲ, ಕಚ್ಚಾ ಮಾಲು



ಚಟ್ನಿಗೆ ಕಾಯಿ ತುರಿದ ಮೇಲೆ ಗೆರಟೆಯನ್ನು ನಾವು ಕಸಕ್ಕೆ ಹಾಕುತ್ತೇವೆ. ಆದರೆ ನೀರಿನ ಫಿಲ್ಟರಿನೊಳಗಿನ ಕಪ್ಪು ಹರಳು ಹೆಚ್ಚಾಗಿ ಇದೇ ಗೆರಟೆಯಿಂದ ಆದದ್ದು. ಇದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಎನ್ನುತ್ತಾರೆ.

ಮಾಡುವ ಕ್ರಮ ಹೀಗಿದೆ. ಒಣ ಗೆರಟೆಯನ್ನು ಗಾಳಿ ಸೋಕದಂತೆ ಕಾಯಿಸಿದರೆ ಇದ್ದಿಲಾಗುತ್ತದೆ. ಅದಕ್ಕೆ 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದಾಗ ಕಣ್ಣಿಗೆ ಕಾಣದ ರಂಧ್ರಗಳು ತೆರೆಯುತ್ತವೆ. ಉತ್ತಮ ಮಾಲಾದರೆ, ಒಂದೇ ಗ್ರಾಂನಲ್ಲಿರುವ ರಂಧ್ರಗಳ ಗೋಡೆ ಬಿಡಿಸಿ ಹಾಸಿದಾಗ ಸುಮಾರು 1,000 ಚದರ ಮೀಟರ್! ಇಂಗಾಲದ ಡೈಆಕ್ಸೈಡ್ ಆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಆಗ ಅನಿಲವನ್ನು ಸಂಗ್ರಹಿಸಿ, ಅದೇ ಕಾರ್ಬನ್ನನ್ನು ಮತ್ತೆ ಬಳಸಬಹುದು.

ತಂದೂರ್ ಭಟ್ಟಿಯ ಇದ್ದಿಲಿನಲ್ಲಿ ಇಷ್ಟು ರಂಧ್ರಗಳಿಲ್ಲ. ಕಾರ್ಖಾನೆಯ ಚಿಮಣಿಯಲ್ಲಿ ಬಳಸಬೇಕಾದರೂ ಮೊದಲು ಅನಿಲವನ್ನು ತಣಿಸಿ ತೇವ ತೆಗೆಯಬೇಕು. ಖರ್ಚು ಬೀಳುವುದು ಅಲ್ಲೇ. ಇಂಗಾಲ ಹಿಡಿದು ಬಳಸುವ ಸಂಶೋಧನೆಗೆಂದೇ ನಮ್ಮ ಪೊವಾಯಿಯ ಐಐಟಿಗೆ 2022ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಕೇಂದ್ರವನ್ನು ಕೊಟ್ಟಿದೆ.

ಗೆರಟೆ ಸುಟ್ಟರೆ ಅದರ ಇಂಗಾಲ ಗಾಳಿಗೇ ಹೋಗುತ್ತದೆ. ಆದ್ದರಿಂದ ಸುಡುವುದು ಬೇಡ, ಹಸಿ ಕಸಕ್ಕೆ ಬೆರೆಸುವುದೂ ಬೇಡ. ಒಣಗಿಸಿ ಬೇರೆ ಚೀಲದಲ್ಲಿ ಇಡೋಣ. ಅಕ್ಕಪಕ್ಕದ ನಾಲ್ಕು ಹೋಟೆಲಿನವರು ಒಟ್ಟು ಮಾಡಿದರೆ ಕೊಳ್ಳುವವರಿಗೂ ಅನುಕೂಲ.