ಛತ್ರದವನ ಪಾಲು: ತುರ್ತು ವಿಭಾಗದ ದಾದಿಯರ ನೈತಿಕ ಸಂಕಟ

ತುರ್ತು ಚಿಕಿತ್ಸಾ ವಿಭಾಗದ ದಾದಿಯೊಬ್ಬರು ಗುರುವಿನ ಬಳಿಗೆ ಬಂದು, "ಫಾದರ್, ನಾನು ಮಾಡಿದ್ದು ಪಾಪವೇ?" ಎಂದು ಕೇಳುವುದುಂಟು. ಪಾಪನಿವೇದನೆಯ ಗುಟ್ಟನ್ನು ನಾನಿಲ್ಲಿ ಬಿಚ್ಚುತ್ತಿಲ್ಲ. ಯಾವ ಊರಿನಲ್ಲಾದರೂ ನಡೆಯುವ ಪ್ರಸಂಗವಿದು. ಹಣ ಮುಗಿದ ಕುಟುಂಬವು ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುವುದಾಗಿ ಸಹಿ ಹಾಕುತ್ತದೆ. ನಿರ್ಧಾರ ದಾದಿಯದಲ್ಲ. ಆದರೆ ಡ್ರಿಪ್ಪಿನ ಸೂಜಿಯನ್ನು ಕಳಚುವ ಕೈ ಆಕೆಯದೇ.

1984ರಲ್ಲಿ ಅಮೆರಿಕದ ತತ್ತ್ವಜ್ಞ ಆಂಡ್ರ್ಯೂ ಜೇಮ್‌ಟನ್ ದಾದಿವೃತ್ತಿಯ ನೀತಿಯನ್ನು ಕುರಿತ ತಮ್ಮ ಗ್ರಂಥದಲ್ಲಿ ಇದನ್ನು 'ನೈತಿಕ ಸಂಕಟ' ಎಂದು ಕರೆದರು. ಯಾವುದು ಸರಿ ಎಂದು ತಿಳಿಯದಿರುವುದು ಒಂದು. ಎರಡು ಕರ್ತವ್ಯಗಳ ನಡುವೆ ಸಿಲುಕುವುದು ಇನ್ನೊಂದು. ಸರಿಯಾದುದನ್ನು ಬಲ್ಲವಳಿಗೆ ಸಂಸ್ಥೆಯ ಕಟ್ಟುಪಾಡುಗಳು ಅದನ್ನು ಮಾಡಗೊಡದಿರುವುದು ಇವೆರಡಕ್ಕಿಂತ ಬೇರೆ.

ನೀತಿದೇವಶಾಸ್ತ್ರವನ್ನು ಓದಿದ ನಾವು "ನಿಮ್ಮದೇನೂ ತಪ್ಪಿಲ್ಲ" ಎಂದು ಬೇಗನೆ ಹೇಳಿಬಿಡುತ್ತೇವೆ. ಮಾತು ಸುಳ್ಳಲ್ಲ, ಒತ್ತಾಯವು ಹೊಣೆಯನ್ನು ತಗ್ಗಿಸುತ್ತದೆ, ಕೆಲವೊಮ್ಮೆ ಇಲ್ಲವಾಗಿಸುತ್ತದೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ (1735) ಹೇಳುತ್ತದೆ. ಆದರೂ ಆಕೆಗೆ ಸಮಾಧಾನವಾಗುವುದಿಲ್ಲ. ಪಾಪವಿಲ್ಲದೆಡೆ ಪಾಪವಿಮೋಚನೆಗೆ ವಿಷಯವೇ ಇಲ್ಲ, ನೋವಿಗೆ ಮಾತ್ರ ಇದೆ. ಯೋಬನ ಗೆಳೆಯರು ಏಳು ದಿನ ಅವನ ಬಳಿ ಮೌನವಾಗಿ ಕುಳಿತಾಗ ಎಡವಲಿಲ್ಲ. ವಿವರಣೆಗೆ ತೊಡಗಿದಾಗ ಎಡವಿದರು. ಇಂಥ ದಾದಿಗೆ ಬೇಕಾದುದು ಪಾಪನಿವೇದನೆಗಿಂತ ಮುಂಚೆ ಪ್ರಲಾಪ: ಕೀರ್ತನೆಗಳು ನಮಗೆ ಕಲಿಸಿದ, ನಾವು ಪೂಜಾವಿಧಿಯ ಹೊರಗೆ ಬಹುಮಟ್ಟಿಗೆ ಮರೆತಿರುವ ಪ್ರಾರ್ಥನೆ.

ಇತ್ತೀಚೆಗೆ ಆಸ್ಪತ್ರೆಗಳಲ್ಲಿ 'ಪುಟಿದೇಳುವ ಶಕ್ತಿ'ಯ ಕುರಿತು ತರಬೇತಿಗಳು ನಡೆಯುತ್ತವೆ. ಅವು ಬೇಡವೆನ್ನಲಾರೆ. ಆದರೆ ನೋವೇ ತಟ್ಟದಂತೆ ಒಗ್ಗಿಹೋಗುವುದನ್ನು ನಮ್ಮ ಪರಂಪರೆ ಸದ್ಗುಣವೆಂದು ಕರೆದಿಲ್ಲ. ಧೈರ್ಯದ ಪ್ರಧಾನ ಕ್ರಿಯೆ ಆಕ್ರಮಣವಲ್ಲ, ಸಹನೆ ಎಂದ ಸಂತ ಥಾಮಸ್ ಅಕ್ವಿನಾಸರು, ಆ ಸಹನೆಯಲ್ಲಿ ಆತ್ಮವು ಒಳಿತನ್ನು ಬಿಗಿಯಾಗಿ ಹಿಡಿದಿರುತ್ತದೆ ಎಂದೂ ಸೇರಿಸುತ್ತಾರೆ. ಹಾಗೆ ನೋಡಿದರೆ ಆ ದಾದಿಯ ಸಂಕಟವು ದೌರ್ಬಲ್ಯದ ಗುರುತಲ್ಲ. ಒಳಿತಿನ ಮೇಲಿನ ಹಿಡಿತ ಇನ್ನೂ ಸಡಿಲಿಲ್ಲವೆಂಬುದರ ಗುರುತು.

ದಯಾಳು ಸಮಾರಿಯದವನ ಸಾಮತಿಯನ್ನು ಬೋಧಿಸುವಾಗ ನಾವು ದಾದಿಯನ್ನು ಸಮಾರಿಯದವನಿಗೆ ಹೋಲಿಸುತ್ತೇವೆ. ನನಗೆ ಆಕೆ ಛತ್ರದವನಂತೆ ಕಾಣುತ್ತಾಳೆ. ಸಮಾರಿಯದವನು ದಾರಿಹೋಕ, ಮರುದಿನ ಹೊರಟುಹೋದ. ಯಾರನ್ನು ತಂದರೂ ಒಳಗೆ ಕರೆದುಕೊಂಡು, ಕೈಯಲ್ಲಿರುವ ಎರಡು ನಾಣ್ಯಗಳಲ್ಲಿ ಇರುಳು ಕಳೆಯಬೇಕಾದವನು ಛತ್ರದವನು. ನಮ್ಮ ಸುಪ್ರೀಂ ಕೋರ್ಟು 1989ರಲ್ಲಿ, ಗಾಯಾಳುವಿನ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯವೆಂದು ಪರಮಾನಂದ ಕಟಾರ ಪ್ರಕರಣದಲ್ಲಿ ತೀರ್ಪಿತ್ತಿತು. ಬಾಗಿಲು ತೆರೆಯಿತು, ಸರಿ. ಒಳಗಿನ ವೆಚ್ಚ ಯಾರದು?

ಲೂಕನ ಶುಭಸಂದೇಶದಲ್ಲಿ ಛತ್ರದವನಿಗೆ ಒಂದು ಭರವಸೆ ದೊರೆತಿತ್ತು: ಹೆಚ್ಚಿಗೆ ಖರ್ಚಾದರೆ ತಾನು ಹಿಂದಿರುಗುವಾಗ ಕೊಡುವೆನೆಂದು ಸಮಾರಿಯದವನು ಹೇಳಿದ್ದ. ಗುರುಮಠದಲ್ಲಿ ಇದನ್ನು ಓದುತ್ತಿರುವ ಕೆಲವರು ನಾಳೆ ಧರ್ಮಕ್ಷೇತ್ರದ ಆಸ್ಪತ್ರೆಗಳ ನಿರ್ದೇಶಕರಾಗುವಿರಿ. ರಾತ್ರಿಪಾಳಿಯಲ್ಲಿ ಎಷ್ಟು ಮಂದಿ ದಾದಿಯರಿರಬೇಕು, ಮುಂಗಡ ಹಣವಿಲ್ಲದವನಿಗಾಗಿ ಎಷ್ಟು ನಿಧಿ ಇರಬೇಕು ಎಂಬ ಕಡತಕ್ಕೆ ಸಹಿ ಹಾಕುವ ಕೈ ಆಗ ನಿಮ್ಮದಾಗಿರುತ್ತದೆ.