ಬೆರಕೆಯ ಬಲ

ಅಪ್ಪಟವಾದುದೇ ಗಟ್ಟಿಯೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅದನ್ನು ಒರೆಗೆ ಹಚ್ಚಲು ನಾನು ಆರಿಸಿಕೊಳ್ಳುವ ಕಲ್ಲು, ಜಿರ್ಕೋನಿಯಾ ಎಂಬ ಬಿಳಿಯ ಆಕ್ಸೈಡು.

ಶುದ್ಧ ಜಿರ್ಕೋನಿಯಾ ಸುಮಾರು 2,700 ಡಿಗ್ರಿ ಸೆಂಟಿಗ್ರೇಡಿನವರೆಗೆ ಕರಗದು. ಆದರೂ ಅದರಿಂದ ಒಂದು ಮೂಸೆಯನ್ನು ಸುಟ್ಟು ತೆಗೆಯುವುದು ದುಸ್ಸಾಧ್ಯ. ಬಿಸಿಯೇರಿದಂತೆ ಅದರ ಹರಳು ವೇಷ ಬದಲಿಸುತ್ತದೆ. ಸುಮಾರು 1,170 ಡಿಗ್ರಿಯಲ್ಲಿ ಓರೆಯಾದ ಪರಮಾಣುಜೋಡಣೆ ನೆಟ್ಟಗಾಗಿ ನೀಳ ಚೌಕವಾಗುತ್ತದೆ. 2,370ರ ಸುಮಾರಿಗೆ ಸಮಘನವಾಗುತ್ತದೆ. ಆರುವಾಗ ಮೊದಲಿನ ಓರೆರೂಪಕ್ಕೆ ಮರಳುತ್ತ ಗಾತ್ರದಲ್ಲಿ ನೂರಕ್ಕೆ ನಾಲ್ಕೈದು ಪಾಲು ಹಿಗ್ಗುತ್ತದೆ. ಪೆಡಸಾದ ವಸ್ತುವಿಗೆ ಅಷ್ಟೇ ಸಾಕು, ಮೂಸೆ ಸೀಳಿಹೋಗುತ್ತದೆ. ಉರಿಯನ್ನು ಗೆದ್ದದ್ದು ತಣ್ಪಿಗೆ ಸೋಲುತ್ತದೆ!

ಪರಿಹಾರ ಬೆರಕೆಯಲ್ಲಿದೆ. ನೂರು ಅಣುಗಳಲ್ಲಿ ಎಂಟರಷ್ಟು ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಸೇರಿಸಿದರೆ, ಸಮಘನರೂಪ ತಣಿದ ಮೇಲೂ ನಿಲ್ಲುತ್ತದೆ. ಅಷ್ಟೇ ಅಲ್ಲ. ಜಿರ್ಕೋನಿಯಮ್ ಅಯಾನಿನ ವಿದ್ಯುದಂಶ ನಾಲ್ಕು, ಇಟ್ರಿಯಮ್ಮಿನದು ಮೂರೇ. ಲೆಕ್ಕ ಸರಿತೂಗಲು ಎರಡು ಇಟ್ರಿಯಮ್ಮಿಗೆ ಒಂದರಂತೆ ಆಮ್ಲಜನಕದ ಪೀಠ ಬರಿದಾಗುತ್ತದೆ. ಕಾದಾಗ ನೆರೆಯ ಅಯಾನು ಆ ಬರಿದೆಡೆಗೆ ಜಿಗಿಯುತ್ತದೆ. ಅದು ಬಿಟ್ಟ ಎಡೆಗೆ ಮತ್ತೊಂದು. ಹೀಗೆ ಕಲ್ಲಿನೊಳಗೆ ವಿದ್ಯುತ್ತು ಹರಿಯುತ್ತದೆ.

ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1890ರ ದಶಕದ ಕೊನೆಯಲ್ಲಿ ಇಂಥ ಬೆರಕೆಯ ಕಡ್ಡಿಯಿಂದಲೇ ದೀಪವನ್ನು ರೂಪಿಸಿದರು. ಮೊದಲು ಕಾಯಿಸದೆ ಅದು ಬೆಳಗುತ್ತಿರಲಿಲ್ಲ. ದೀಪ ಮರೆಯಾಯಿತು, ತತ್ತ್ವ ಉಳಿಯಿತು. ಇಂದು ಮೋಟಾರುಗಾಡಿಯ ಹೊಗೆಯಲ್ಲಿ ಆಮ್ಲಜನಕವನ್ನು ಅಳೆಯುವುದೂ, ಇಂಧನಕೋಶದಲ್ಲಿ ಅಯಾನುಗಳಿಗೆ ದಾರಿಯಾಗುವುದೂ ಇದೇ ಕಲ್ಲು.

ಅದನ್ನು ಒಡೆಯದಂತೆ ಕಾದವನು ಹೊರಗಿನಿಂದ ಬಂದವನು. ಅದಕ್ಕೆ ಚಲನೆಯಿತ್ತದ್ದು ಅವನೊಡನೆ ಬಂದ ಕೊರತೆ. ಅಪ್ಪಟತನದ ಹೆಮ್ಮೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಸೀಳಿದ ಮೂಸೆ ನೆನಪಾಗುತ್ತದೆ.